ಗೃಹಪ್ರವೇಶಕ್ಕೆ ಅಡ್ಡ ನಿಂತ ಗೂಡ್ಸು

ನಮ್ಮ ಅಡುಗೆಮನೆಯ ಕಿಟಕಿಯಾಚೆ ಒಂದು ಗೂಡ್ಸ್ ರೈಲು ಓಡುತ್ತದೆ. ಓಡುತ್ತದೆ ಎಂಬುದು ನಾನು ಅದಕ್ಕೆ ಕೊಡುವ ಮರ್ಯಾದೆ. ನಿಜ ಹೇಳಬೇಕೆಂದರೆ ಅದು ನಡೆಯುತ್ತದೆ, ಅದೂ ಊಟವಾದ ಮೇಲೆ ಅಡ್ಡಾಡಲು ಹೊರಟ ಹಿರಿಯರ ನಡಿಗೆ. ಅಮೆರಿಕದ ಕ್ಯಾಂಪ್‌ಬೆಲ್ ಎಂಬ ಊರಿನ ಈ ಭಾಗದಲ್ಲಿ ಒಂದು ಕಾಲಕ್ಕೆ ಏಪ್ರಿಕಾಟ್ ತೋಟಗಳಿದ್ದವಂತೆ. ಆಗ ಹಣ್ಣು ಸಾಗಿಸಲು ಹಾಕಿದ ಒಂಟಿ ಹಳಿ ಇದು. ತೋಟ ಹೋಗಿ ಮನೆಗಳು ಬಂದವು, ಮನೆಗಳಿಗೆ ನಾವು ಬಂದೆವು, ಹಳಿ ಮಾತ್ರ ಯಾರನ್ನೂ ಕೇಳದೆ ಇದ್ದಲ್ಲೇ ಇತ್ತು. ಈಗ ಅದರ ಮೇಲೆ ಮರದ ಹಲಗೆ, ಜಲ್ಲಿ ಮತ್ತು ಒಳಗೇನಿದೆಯೆಂದು ಯಾರೂ ಹೇಳದ ಕರಿ ಟ್ಯಾಂಕರುಗಳು ಬಂದುಹೋಗುತ್ತವೆ.

ಅದು ಕೆಲಸ ಮಾಡುವ ಚೆಂದ ನೋಡಬೇಕು. ಮೊದಲು ಉದ್ದಕ್ಕೆ ಕೂಗಿಕೊಂಡು ಬರುತ್ತದೆ. ನಿಲ್ಲುತ್ತದೆ. ಕಿತ್ತಳೆ ಬಣ್ಣದ ಜಾಕೆಟ್ಟು ಹಾಕಿದ ಒಬ್ಬರು ಇಳಿದು, ಹಳಿ ಕವಲೊಡೆಯುವ ಜಾಗಕ್ಕೆ ನಡೆದುಹೋಗಿ, ಅಲ್ಲಿರುವ ಕಬ್ಬಿಣದ ಹಿಡಿಯನ್ನು ಎತ್ತಿ ಹಾಕುತ್ತಾರೆ. ರೈಲು ಹಿಂದೆ ಸರಿದು ಮರದ ಮಂಡಿಯೊಳಗೆ ತೂರಿ ಎರಡು ವ್ಯಾಗನ್ನು ಬಿಟ್ಟು ಬರುತ್ತದೆ. ಮತ್ತೆ ಮುಂದೆ, ಮತ್ತೆ ಹಿಂದೆ. ಒಳಗಿದ್ದದ್ದು ಹೊರಗೆ ಬಂತು, ಹೊರಗಿದ್ದದ್ದು ಒಳಗೆ ಹೋಯಿತು, ಅಲ್ಲಿಗೆ ಒಂದು ಬೆಳಗು ಮುಗಿಯಿತು. ನನ್ನ ಗಂಡನ ಆಫೀಸಿನಲ್ಲಿ ವರ್ಷಕ್ಕೊಮ್ಮೆ ಇದೇ ಕೆಲಸವನ್ನು ಮನುಷ್ಯರ ಮೇಲೆ ಮಾಡುತ್ತಾರೆ, ಆಮೇಲೆ ಕೇಕು ಕತ್ತರಿಸುತ್ತಾರೆ.

ಈ ಮನೆ ನೋಡಲು ಬಂದಾಗ ನಾವು ರೈಲನ್ನೇ ನೋಡಿರಲಿಲ್ಲ. ಮನೆ ಮಾರಿಸುವ ಏಜೆಂಟಮ್ಮ ಹಳಿಯ ಕಡೆ ಕೈ ಬೀಸಿ, ಅದು ಬರಿಯ ಇತಿಹಾಸ ಎಂದಿದ್ದಳು. ನನ್ನ ಗಂಡ ಅಷ್ಟಕ್ಕೆ ನಂಬುವ ಆಸಾಮಿಯಲ್ಲ. ಎಲ್ಲದಕ್ಕೂ ಡೇಟಾ ಬೇಕು ಎನ್ನುವವನು. ಒಂದು ಭಾನುವಾರ ಇಡೀ ಮಧ್ಯಾಹ್ನ ಆ ಬೀದಿಯಲ್ಲಿ ಕಾರು ನಿಲ್ಲಿಸಿಕೊಂಡು, ಶಬ್ದ ಅಳೆಯುವ ಆಪನ್ನು ಫೋನಿನಲ್ಲಿ ಹಾಕಿಕೊಂಡು ಕೂತ. ಬಂದು, "ಲೈಬ್ರರಿ ಇದ್ದಂಗಿದೆ ಕಣೆ," ಎಂದ. ಭಾನುವಾರ ಗೂಡ್ಸ್ ರೈಲಿನವರಿಗೂ ರಜೆ ಎಂಬ ಸಂಗತಿಯನ್ನು ಆ ಆಪು ಹೇಳಿರಲಿಲ್ಲ. ಮಂಡ್ಯದಿಂದ ಬಂದಿದ್ದ ನಮ್ಮತ್ತೆ ಹಳಿಯ ಕಡೆ ತಿರುಗಿಯೂ ನೋಡದೆ ಬಾಗಿಲಿನ ದಿಕ್ಕು, ಒಲೆಯ ದಿಕ್ಕು, ಕಕ್ಕಸಿನ ದಿಕ್ಕು ಮೂರನ್ನೂ ಪರೀಕ್ಷೆ ಮಾಡಿ ಒಪ್ಪಿಗೆ ಕೊಟ್ಟರು. ವಾಸ್ತುವಿನಲ್ಲಿ ರೈಲಿಗೆ ದಿಕ್ಕಿಲ್ಲ.

ಗೃಹಪ್ರವೇಶಕ್ಕೆ ಸಿಕ್ಕಿದ್ದು ಜೂನಿನ ಒಂದು ಶುಕ್ರವಾರ. ಹತ್ತೂವರೆಗೆ ರಾಹುಕಾಲ ಶುರು, ಅದರೊಳಗೆ ಒಲೆಯ ಮೇಲೆ ಹಾಲು ಉಕ್ಕಬೇಕು. ತಪ್ಪಿದರೆ ಆಷಾಢ, ಶ್ರಾವಣ ಬರುವವರೆಗೆ ಹೊಸ ಮನೆಗೆ ಕಾಲಿಡುವಂತಿಲ್ಲ. ಇತ್ತ ಬಾಡಿಗೆ ಅಪಾರ್ಟ್‌ಮೆಂಟಿನ ಬೀಗದ ಕೈಯನ್ನು ಆ ಶುಕ್ರವಾರದ ಮುಂದಿನ ಭಾನುವಾರವೇ ಕೊಡಬೇಕಿತ್ತು. ಬೇರೆಯವರು ಆಗಲೇ ಅದನ್ನು ಹಿಡಿದಿದ್ದರು. ಅಂದರೆ ಆ ಬೆಳಿಗ್ಗೆ ಹಾಲು ಉಕ್ಕದಿದ್ದರೆ ನಾವೂ, ನಮ್ಮ ಮಂಚ ಮಂದಲಿಗೆಗಳೂ ಶ್ರಾವಣದವರೆಗೆ ಬೀದಿಯಲ್ಲಿ. ಪ್ಲಂಬರು, ಪೇಂಟರು, ಇನ್‌ಸ್ಪೆಕ್ಟರು, ಕೊಳ್ಳುವವರಿಗೆಂದು ಮನೆ ತೆರೆದಿಟ್ಟ ಓಪನ್ ಹೌಸಿನ ದಿನ ಸುಮ್ಮನೆ ಕುಕೀಸು ತಿನ್ನಲು ಬಂದವರು, ಎಲ್ಲರೂ ಆ ಮನೆಯೊಳಗೆ ಶೂ ಹಾಕಿಕೊಂಡು ಓಡಾಡಿದ್ದರು. ಮುಹೂರ್ತ ಬೇಕಿದ್ದದ್ದು ಸಾಲ ತೀರಿಸುವವರಿಗೆ ಮಾತ್ರ.

ಮೈಸೂರಿನಿಂದ ಅಮ್ಮನೂ ಬಂದಿದ್ದಳು. ಅಪ್ಪ ಹೋಗಿ ನಾಲ್ಕು ವರ್ಷವಾಗಿತ್ತು. ಹಿಂದಿನ ಸಂಜೆ ಹೂವು ಕಟ್ಟುತ್ತ ಕೂತಾಗ ಅವಳೇ ಮಾತು ತೆಗೆದಳು.

"ನಾನು ಬೆಳಿಗ್ಗೆ ಬೇಗನೇ ಹೋಗಿಬಿಡ್ತೀನಿ. ಪಾತ್ರೆ ಎಲ್ಲ ಜೋಡಿಸಿಟ್ಟು ಗರಾಜಲ್ಲಿ ಕೂತಿರ್ತೀನಿ. ನೀವು ಬರೋ ಹೊತ್ತಿಗೆ ನಾನು ಎದುರಿಗೆ ಸಿಗೋದು ಬೇಡ."

"ಗರಾಜಲ್ಲಿ ಕಾರು ನಿಲ್ಲಿಸ್ತಾರಮ್ಮ, ಮನುಷ್ಯರನ್ನಲ್ಲ."

"ಸುಮ್ನಿರು, ನಿಂಗೇನ್ ಗೊತ್ತು. ಹಾಲು ಉಕ್ಕಿದ ಮೇಲೆ ಒಂದು ಕೂಗು ಹಾಕು, ಬರ್ತೀನಿ. ಎಷ್ಟು ವರ್ಷಕ್ಕೆ ನಿಂಗೊಂದು ಮನೆ ಆಗ್ತಿದೆ. ನನ್ನಿಂದ ಏನೂ ಆಗೋದು ಬೇಡ."

ನಾನು ಕೂಗಾಡಿದೆ. ಹೂವಿನ ಬುಟ್ಟಿ ತಳ್ಳಿ ಎದ್ದೆ. ಅಮ್ಮ ಹೂವನ್ನು ಮತ್ತೆ ಬುಟ್ಟಿಗೆ ಹಾಕಿಕೊಂಡು ಕಟ್ಟುವುದನ್ನು ಮುಂದುವರಿಸಿದಳು. ನನ್ನ ಗಂಡ, ತನಗೆ ಇಂಥದರಲ್ಲೆಲ್ಲ ನಂಬಿಕೆಯೇ ಇಲ್ಲ ಎಂದು ಹೇಳಿ ಲ್ಯಾಪ್‌ಟಾಪು ತೆರೆದ. ಅತ್ತೆ, "ಅವ್ರಿಷ್ಟ ಬುಡವ್ವ, ದೊಡ್ಡೋರು," ಎಂದರು. ಬೇ ಏರಿಯಾದಲ್ಲಿ ನಾವೆಲ್ಲ ಬಹಳ ಮುಂದುವರಿದವರು. ಇಂಥ ಹೆಂಗಸರನ್ನು ನಾವು ಯಾರೂ ಬರಬೇಡಿ ಎನ್ನುವುದಿಲ್ಲ. ಅದನ್ನು ಹೇಳುವ ತಾಪತ್ರಯವನ್ನೂ ಅವರಿಗೇ ಬಿಟ್ಟುಕೊಟ್ಟಿರುತ್ತೇವೆ.

ಹಾಗಾಗಿ ಬೆಳಗಾಗುತ್ತಿದ್ದಂತೆ ನನ್ನ ಗಂಡ ಅಮ್ಮನನ್ನು, ಹಾಲಿನ ಕ್ಯಾನನ್ನು, ಹಿತ್ತಾಳೆಯ ಪಾತ್ರೆಯನ್ನು ಹೊಸ ಮನೆಯಲ್ಲಿಳಿಸಿ ಬಂದ. ಆಮೇಲೆ ನಾವು ಸಕಲ ಮರ್ಯಾದೆಯೊಂದಿಗೆ ಹೊರಟೆವು. ಮಿನಿವ್ಯಾನಿನಲ್ಲಿ ಅವನು, ಮುಂದಿನ ಸೀಟಿನಲ್ಲಿ ಪುರೋಹಿತರು, ಹಿಂದೆ ದೇವರ ಪಟ ಹಿಡಿದ ಅತ್ತೆ, ಕಲಶಕ್ಕೂ ನನಗೂ ಸೇರಿಸಿ ಒಂದೇ ಸೀಟ್ ಬೆಲ್ಟು ಹಾಕಿಕೊಂಡ ನಾನು. ನಮ್ಮ ಹಿಂದೆ ಟ್ರೇಲರಿನಲ್ಲಿ ಹಸು. ಇದನ್ನು ಗಿಲ್‌ರಾಯ್ ಕಡೆಯ ಒಬ್ಬ ಅಮೆರಿಕದವನು ಗೃಹಪ್ರವೇಶಗಳಿಗೆಂದೇ ಬಾಡಿಗೆಗೆ ಬಿಡುತ್ತಾನೆ. ನಮ್ಮ ಪುರೋಹಿತರಿಗಿಂತ ಹೆಚ್ಚು ಮನೆಗಳನ್ನು ಪ್ರವೇಶಿಸಿದ ಅನುಭವ ಆ ಹಸುವಿಗಿದೆ. ಹಸುವಿನ ಹಿಂದೆ ಸ್ನೇಹಿತರ ಕಾರುಗಳು. ಹತ್ತಕ್ಕೆ ಇನ್ನೂ ಹೊತ್ತಿತ್ತು, ಮನೆ ಇದ್ದದ್ದು ಇನ್ನೊಂದು ತಿರುವಿನಲ್ಲಿ.

ಅಷ್ಟರಲ್ಲಿ ಇತಿಹಾಸ ಬಂತು.

ಗಂಟೆ ಬಾರಿಸಿತು, ಕೆಂಪು ದೀಪ ಮಿನುಗಿತು, ಗೇಟು ಇಳಿಯಿತು. ಮಾಸಿದ ಬಣ್ಣದ ಇಂಜಿನ್ನು ನಮ್ಮ ಮುಂದೆ ಆರಾಮಾಗಿ ಹಾದುಹೋಯಿತು. ಹಿಂದೆ ಜಲ್ಲಿಯ ವ್ಯಾಗನ್ನು, ಹಲಗೆಯ ವ್ಯಾಗನ್ನು, ಮೈತುಂಬ ಪಡ್ಡೆ ಹುಡುಗರು ಬಣ್ಣದಲ್ಲಿ ಗೀಚಿದ ಡಬ್ಬಿಗಳು. "ಎಷ್ಟು ಚೆಂದಾಗಿ ರಂಗೋಲಿ ಬುಟ್ಟವ್ರೆ," ಎಂದು ಅತ್ತೆ ಮೆಚ್ಚಿಕೊಂಡರು. ಆಮೇಲೆ ಉಸ್ಸೆಂದು ಒಂದು ಶಬ್ದ ಬಂತು. ರೈಲು ಒಂದು ಸಲ ಕುಲುಕಿ ನಿಂತುಬಿಟ್ಟಿತು.

ನಮ್ಮ ಹೊಸ ಬೀದಿಗೆ ಹೋಗಲು ಎರಡು ದಾರಿ. ಎರಡೂ ಹಳಿ ದಾಟಿಯೇ ಹೋಗಬೇಕು, ಎರಡರ ಮೇಲೂ ರೈಲು ನಿಂತಿತ್ತು. ಬೀದಿಯ ಹಿಂದೆ ತೊರೆ, ಪಕ್ಕದಲ್ಲಿ ಫ್ರೀವೇಯ ಎತ್ತರದ ಗೋಡೆ. ಮನೆ ಕೊಳ್ಳುವಾಗ ಇದನ್ನೇ ಏಜೆಂಟಮ್ಮ ಬಹಳ ಪ್ರೈವೇಟಾದ ಜಾಗ ಎಂದು ಹೊಗಳಿದ್ದಳು.

ಮೊದಲು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಸ್ನೇಹಿತರು ಕಾರಿಳಿದು ಸೆಲ್ಫಿ ತೆಗೆದುಕೊಂಡರು. ಅರ್ಧ ದಿನ ರಜೆ ಹಾಕಿದ್ದ ನನ್ನ ಗಂಡ, ಬರೀ ಕೇಳಿಸಿಕೊಳ್ಳುತ್ತೇನೆ ಎಂದು ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಮೀಟಿಂಗಿಗೆ ಸೇರಿಕೊಂಡ. ಹಸು ಟ್ರೇಲರಿನಲ್ಲೇ ಗಂಜಲ ಹೊಯ್ದಿತು. ಅತ್ತೆ ಕಿಟಕಿ ಇಳಿಸಿ ಕೈಮುಗಿದರು. ಪಕ್ಕದಲ್ಲಿ ನಾಯಿ ಹಿಡಿದು ನಿಂತಿದ್ದ ಒಬ್ಬಾಕೆ ನಾಯಿಯ ಕಕ್ಕ ಎತ್ತಲು ತಂದ ಪ್ಲಾಸ್ಟಿಕ್ ಚೀಲವನ್ನೂ ಹಸುವನ್ನೂ ಒಮ್ಮೆ ನೋಡಿ ಮುಂದೆ ಹೋದಳು.

ರೈಲು ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಕ್ರಾಸಿಂಗಿನ ಕಂಬದ ಮೇಲೆ ಒಂದು ಪುಟ್ಟ ನೀಲಿ ಬೋರ್ಡಿದೆ. ಏನಾದರೂ ತೊಂದರೆಯಾದರೆ ಕರೆ ಮಾಡಿ ಎಂದು ರೈಲಿನವರ ನಂಬರು. ನನ್ನ ಗಂಡ ಮೀಟಿಂಗಿನಿಂದ ಹೊರಬಂದು ಅದಕ್ಕೆ ಫೋನು ಹಚ್ಚಿದ. ಅತ್ತಲಿಂದ ಒಬ್ಬ, ಗೇಟು ಮುರಿದಿದೆಯೇ ಎಂದು ಕೇಳಿದ. ಇಲ್ಲ. ಹಳಿಯ ಮೇಲೆ ಕಾರು ಸಿಕ್ಕಿಕೊಂಡಿದೆಯೇ. ಇಲ್ಲ. ಯಾರಿಗಾದರೂ ಪೆಟ್ಟಾಗಿದೆಯೇ. ಇನ್ನೂ ಇಲ್ಲ. ಹಾಗಾದರೆ ತೊಂದರೆ ಏನು. ನನ್ನ ಗಂಡ ಗಂಟಲು ಸರಿಮಾಡಿಕೊಂಡು, ಇಲ್ಲೊಂದು ಧಾರ್ಮಿಕ ಡೆಡ್‌ಲೈನು ಇದೆ ಎಂದ. ಆಮೇಲೆ ಆ ಮನುಷ್ಯ, ಬಹಳ ಸೌಜನ್ಯದಿಂದಲೇ, ಇದು ರೈಲ್ವೆ ಸರ್ ಎಂದು ಫೋನಿಟ್ಟ.

ಅಷ್ಟರಲ್ಲಿ ಕಿತ್ತಳೆ ಜಾಕೆಟ್ಟಿನ ಹೆಂಗಸೊಬ್ಬಳು ವ್ಯಾಗನ್ನುಗಳ ಕೆಳಗೆ ಬಗ್ಗಿ ನೋಡುತ್ತ ನಮ್ಮ ಕಡೆಗೇ ನಡೆದು ಬಂದಳು.

"ಹೋಗ್ಲಾ ಮಗ, ಅವಳ್ನ ಕೇಳು," ಎಂದು ಅತ್ತೆ ಮಗನನ್ನು ದಬ್ಬಿದರು. "ಒಂಚೂರು ಹಿಂದಕ್ಕೆ ತಗಳಕ್ಕೆ ಏನಂತೆ ಅವಳ್ಗೆ? ನಾವು ಹೋದ್ಮೇಲೆ ಇನ್ನೂ ನಿಂತ್ಕಳ್ಳಿ."

ಅವನು ಹೋಗಿ ಕೇಳಿ ಬಂದ. ಎಲ್ಲೋ ಒಂದು ಪೈಪು ಬಿಟ್ಟುಕೊಂಡು ಬ್ರೇಕಿನ ಗಾಳಿಯೆಲ್ಲ ಹೋಗಿದೆ, ಅದನ್ನು ಸಿಕ್ಕಿಸಿ ಮತ್ತೆ ಗಾಳಿ ತುಂಬುವವರೆಗೆ ದೇವರು ಬಂದರೂ ರೈಲು ಚಲಿಸುವುದಿಲ್ಲ, ಎಂದಳಂತೆ. ಹಸುವಿಗೆ ಅರಿಶಿನ ಹಚ್ಚಿದ್ದು ಚೆನ್ನಾಗಿದೆ ಎಂದೂ ಹೇಳಿದಳಂತೆ.

"ಗಾಳಿಯಾ?" ಎಂದು ಪುರೋಹಿತರು ಚುರುಕಾದರು. ವಾಯುವಿನದೊಂದು ಮಂತ್ರವನ್ನು ಶುರುಮಾಡಿದರು. ಎಸಿಯ ಗಾಳಿ ಅವರ ಶಲ್ಯವನ್ನು ಹಾರಿಸುತ್ತಿತ್ತು. ಮಂತ್ರ ಮುಗಿಯಿತು, ರೈಲು ನಿಂತೇ ಇತ್ತು. ಅವರು ವಾಚು ನೋಡಿಕೊಂಡರು. ಮಧ್ಯಾಹ್ನಕ್ಕೆ ಅವರಿಗೆ ಫ್ರೀಮಾಂಟಿನಲ್ಲಿ ಸತ್ಯನಾರಾಯಣ ಪೂಜೆ ಇತ್ತು.

ಈಗ ಎಲ್ಲರ ಮುಖ ಬಾಡಿತು. ನನಗೆ ರಾಹುವಿನ ಭಯವಿರಲಿಲ್ಲ, ಅತ್ತೆಯ ಭಯವಿತ್ತು. ಮುಹೂರ್ತ ತಪ್ಪಿದ ಮನೆಯಲ್ಲಿ ಮುಂದೆ ಯಾರಿಗೆ ನೆಗಡಿಯಾದರೂ ಅದಕ್ಕೆ ಈ ಶುಕ್ರವಾರವೇ ಕಾರಣವಾಗುತ್ತದೆ ಎಂದು ನನಗೆ ಖಾತ್ರಿಯಿತ್ತು. ಇಷ್ಟು ವರ್ಷ ಗೋಡೆಗೆ ಮೊಳೆ ಹೊಡೆಯಲೂ ಮಾಲೀಕನನ್ನು ಕೇಳಿಕೊಂಡು ಬದುಕಿದ್ದಾಯಿತು. ಸ್ವಂತ ಮನೆಯಲ್ಲೂ ಹಂಗಿನಲ್ಲಿ ಬಾಳಬೇಕೆ ಎಂದು ಅಳು ಬಂತು.

ಪುರೋಹಿತರು ಹಿಂದೆ ತಿರುಗಿದರು. "ನೋಡಿ ಮೇಡಂ, ಮುಖ್ಯವಾದದ್ದು ಹಾಲು. ಮುಹೂರ್ತದಲ್ಲಿ ಅದೊಂದು ಉಕ್ಕಿಬಿಟ್ರೆ ಪ್ರವೇಶ ಆದಂಗೇ ಲೆಕ್ಕ. ನಾವು ನಿಧಾನಕ್ಕೆ ಹೋದ್ರೂ ನಡೆಯತ್ತೆ. ಒಳಗೆ ಮನೆಯವರು ಯಾರಾದ್ರೂ ಇದ್ದಾರಾ?"

ಒಳಗೆ ಯಾರಿದ್ದಾರೆಂದು ವ್ಯಾನಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಪುರೋಹಿತರಿಗೂ ಗೊತ್ತಿತ್ತು, ಬೆಳಿಗ್ಗೆ ಅಮ್ಮ ಎಲ್ಲಿ ಎಂದು ಕೇಳಿ, ಉತ್ತರ ಕೇಳಿಸಿಕೊಂಡು ತಲೆಯಾಡಿಸಿದ್ದರು. ನನ್ನ ಗಂಡ ಸ್ಟೇರಿಂಗನ್ನು ನೋಡಿದ. ಅತ್ತೆ ಕಿಟಕಿಯಾಚೆ ರಂಗೋಲಿಯ ವ್ಯಾಗನ್ನನ್ನು ನೋಡಿದರು.

ನಾನು ಯಾರನ್ನೂ ಕೇಳದೆ ಫೋನು ಮಾಡಿ ಸ್ಪೀಕರಿಗೆ ಹಾಕಿದೆ. "ಅಮ್ಮಾ, ರೈಲು ಅಡ್ಡ ನಿಂತಿದೆ. ನಾವು ಬರಕ್ಕಾಗಲ್ಲ. ನೀನೇ ಒಲೆ ಹಚ್ಚಿ ಹಾಲು ಉಕ್ಕಿಸು."

"ಅಯ್ಯೋ, ನನ್ನ ಕೈಯಲ್ಲೇನೇ? ಬೇಡ ಕಣೇ. ಕಾಯೋಣ. ರೈಲು ಎಷ್ಟೊತ್ತು ನಿಲ್ಲತ್ತೆ?"

"ಅಮ್ಮಾ, ಕಾಯಕ್ಕೆ ಟೈಮಿಲ್ಲ."

"ನಿಮ್ಮತ್ತೆ ಏನಂದ್ಕೋತಾರೆ? ಬೇಡ ಮಗಳೇ, ನನ್ನನ್ನ ಬಲವಂತ ಮಾಡಬೇಡ." ಅವಳು ನಿಜವಾಗಿಯೂ ಹೆದರಿದ್ದಳು. ನಾಲ್ಕು ವರ್ಷದಲ್ಲಿ ಅವಳನ್ನು ಯಾರೂ ಒಂದು ಅರಿಶಿನದ ಬಟ್ಟಲು ಮುಟ್ಟು ಎಂದಿರಲಿಲ್ಲ. ಈಗ ಒಮ್ಮೆಗೇ ಇಡೀ ಮನೆಯನ್ನು ಅವಳ ಕೈಗೆ ಕೊಡುತ್ತಿದ್ದೆವು.

ಅತ್ತೆ ದೇವರ ಪಟವನ್ನು ಮೊಣಕಾಲ ಮೇಲೆ ನಿಲ್ಲಿಸಿಕೊಂಡು ನನ್ನ ಕೈಯಿಂದ ಫೋನು ಕಸಿದುಕೊಂಡರು.

"ಅಕ್ಕಾ, ನಾನು ಕಣಕ್ಕ. ಸುಮ್ಕೆ ಒಲೆ ಹಚ್ಚಿ."

"ಅಲ್ಲ, ನಾನು ಹೆಂಗೆ..."

"ಅವೆಲ್ಲ ಊರಲ್ಲಿ ಕಣಕ್ಕ. ಇದು ಅಮೆರಿಕ. ಇಲ್ಲಿ ಯಾರು ನೋಡ್ತಾರೆ? ಹಚ್ಚಿ, ಹೊತ್ತಾಯ್ತದೆ."

ಹಿಂದಿನ ಸಂಜೆಯೂ ಅದು ಅಮೆರಿಕವೇ ಆಗಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ನಮ್ಮ ಶಾಸ್ತ್ರಕ್ಕೂ ಈ ರೈಲಿನ ಹಾಗೆ ಹಿಂದಕ್ಕೆ ಬರುವ ರಿವರ್ಸ್ ಗೇರ್ ಇದೆ. ಇಳಿಸಬೇಕಾದ ಸರಕು ನಮ್ಮದಾದಾಗ ಮಾತ್ರ ಅದನ್ನು ಹಾಕುತ್ತೇವೆ. ಆದರೆ ಬಾಯಿಬಿಟ್ಟರೆ ಅಮ್ಮ ಮತ್ತೆ ಗರಾಜಿಗೆ ಹೋಗುತ್ತಾಳೆಂದು ಹೆದರಿ ತುಟಿ ಕಚ್ಚಿಕೊಂಡು ಕೂತೆ.

ಫೋನಿನಲ್ಲಿ ಚಪ್ಪಲಿಯ ಸದ್ದು, ಬಾಗಿಲ ಸದ್ದು. ಪಾತ್ರೆ ಇಟ್ಟ ಸದ್ದು. ಒಲೆಯ ತಿರುಪು ಅವಳಿಗೆ ಒಗ್ಗಲಿಲ್ಲ. "ಒತ್ತಿ ತಿರುಗಿಸಮ್ಮ," ಎಂದೆ. ಟಕಟಕ ಎಂದು ಕಿಡಿ ಹಾರಿ ಒಲೆ ಭುಗ್ಗೆಂದಿತು. ಪುರೋಹಿತರು ಮುಂದಿನ ಸೀಟಿನಿಂದ ಮಂತ್ರ ಶುರುಮಾಡಿದರು. ನಡುವೆ ಇಂಜಿನ್ನು ಒಮ್ಮೆ ಕೂಗಿತು. ಮೊದಲು ನಮ್ಮ ಕಿವಿಗೆ, ಮರುಕ್ಷಣ ಫೋನಿನೊಳಗಿಂದ. ಅವಳು ಅಷ್ಟು ಹತ್ತಿರದಲ್ಲಿದ್ದಳು.

ಹಾಲು ಕಾಯುವುದನ್ನು ಕಣ್ಣಿಂದ ನೋಡುವುದೇ ಕಷ್ಟ, ಕಿವಿಯಿಂದ ಕೇಳುವುದು ಇನ್ನೂ ಕಷ್ಟ. ಅಮ್ಮನ ಉಸಿರು ಕೇಳುತ್ತಿತ್ತು. ಹಿಂದಿನ ಕಾರಿನವರೂ ಬಂದು ನಮ್ಮ ಕಿಟಕಿಗಳ ಸುತ್ತ ನಿಂತರು. ಹಸುವಿನ ಯಜಮಾನನೂ ಟೋಪಿ ತೆಗೆದು ನಿಂತ, ಯಾಕೆಂದು ಅವನಿಗೆ ಗೊತ್ತಿದ್ದಂತೆ ಕಾಣಲಿಲ್ಲ. ಆಮೇಲೆ ಚುಯ್ ಎಂದು ಸದ್ದಾಯಿತು.

"ಉಕ್ತು," ಎಂದಳು ಅಮ್ಮ. ಸ್ವಲ್ಪ ತಡೆದು, "ಪೂರ್ವಕ್ಕೇ ಉಕ್ತು ಕಣೇ," ಎಂದಳು.

ಹತ್ತೂವರೆಗೆ ಇನ್ನೂ ಸ್ವಲ್ಪ ಬಾಕಿಯಿತ್ತು. ಅತ್ತೆ ಪಟವನ್ನು ಕಣ್ಣಿಗೊತ್ತಿಕೊಂಡರು. ನನ್ನ ಗಂಡ ಸೀಟಿಗೆ ಒರಗಿ, ಒಳ್ಳೆ ಸೊಲ್ಯೂಷನ್ನು, ಎಂದ. ನಾನು ಅವನ ಕಡೆ ನೋಡಿದ ನೋಟಕ್ಕೆ ಮತ್ತೆ ಮೀಟಿಂಗಿಗೆ ಸೇರಿಕೊಂಡ.

ರೈಲು ಆಮೇಲೂ ನಿಂತಿತ್ತು. ರಾಹುಕಾಲ ಚೆನ್ನಾಗಿ ಕಾವೇರಿದ ಮೇಲೆ ಗಾಳಿ ತುಂಬಿಕೊಂಡು, ಡಬ್ಬಿಯಿಂದ ಡಬ್ಬಿಗೆ ಧಡಧಡ ಎನ್ನಿಸಿಕೊಂಡು ಹೊರಟಿತು. ಕಿತ್ತಳೆ ಜಾಕೆಟ್ಟಿನ ಹೆಂಗಸು ಕೊನೆಯ ವ್ಯಾಗನ್ನಿನ ಮೆಟ್ಟಿಲಲ್ಲಿ ನಿಂತು ನಮಗೆ ಕೈಬೀಸಿದಳು. ಗೇಟೆದ್ದಿತು.

ಮನೆಯ ಮುಂದೆ ಎಲ್ಲರೂ ಸಾಲಾಗಿ ನಿಂತೆವು. ಮುಂದೆ ಹಸು, ಹಿಂದೆ ಪುರೋಹಿತರು, ಪಟದೊಂದಿಗೆ ಅತ್ತೆ. ಮುಂಬಾಗಿಲು ತೆರೆದೇ ಇತ್ತು, ಹೊಸಿಲಿಗೆ ಅರಿಶಿನ ಕುಂಕುಮ ಹಚ್ಚಿತ್ತು. ಹೊಸಿಲ ಹಿಂದೆ ಯಾರೂ ಇರಲಿಲ್ಲ. "ಅಮ್ಮಾ," ಎಂದು ಕೂಗಿದೆ. ಬಾಗಿಲ ಪಕ್ಕದ ಗರಾಜಿನ ಮುಚ್ಚಿದ ತಗಡಿನ ಹಿಂದಿನಿಂದ ಅವಳ ದನಿ ಬಂತು.

"ನೀವೆಲ್ಲ ಒಳಗೆ ಹೋಗಿ. ನಾನು ಆಮೇಲೆ ಬರ್ತೀನಿ."

ಮನೆಯನ್ನು ಮುಹೂರ್ತಕ್ಕೆ ಸರಿಯಾಗಿ ಪ್ರವೇಶ ಮಾಡಿಸಿ, ಹೊಸಿಲು ಸಿಂಗರಿಸಿ, ಅಮ್ಮ ತನ್ನ ಜಾಗಕ್ಕೆ ವಾಪಸು ಹೋಗಿ ಕೂತಿದ್ದಳು. ಅತ್ತೆ ಸೆರಗು ಸರಿಮಾಡಿಕೊಂಡು, "ನಡೀರಿ ನಡೀರಿ," ಎಂದರು. ಇಷ್ಟು ಹೊತ್ತು ಕಚ್ಚಿ ಹಿಡಿದ ಸಿಟ್ಟೆಲ್ಲ ನನ್ನ ಕೈಗೆ ಬಂತು. ಬೀಗದ ಕೈಗಳ ಗೊಂಚಲಿನಲ್ಲಿ ಗರಾಜಿನ ರಿಮೋಟಿತ್ತು. ಒತ್ತಿದೆ.

ಬಾಗಿಲು ಗರಗರ ಎನ್ನುತ್ತ ಮೇಲೇರಿತು. ಮೊದಲು ಅಮ್ಮನ ಪಾದ ಕಂಡಿತು, ಆಮೇಲೆ ಸೀರೆಯ ಅಂಚು, ಮಡಿಲಲ್ಲಿ ಇಟ್ಟುಕೊಂಡ ಕೈ, ಕೊನೆಗೆ ಮುಖ. ಪೇಂಟಿನ ಡಬ್ಬಿಯೊಂದನ್ನು ಮಗುಚಿಕೊಂಡು ಅದರ ಮೇಲೆ ನಮಗೆ ನೇರ ಎದುರಾಗಿ ಕೂತಿದ್ದಳು. ಗಾಬರಿಯಿಂದ ಎದ್ದು ಮರೆಗೆ ಸರಿಯಲು ಎಡಕ್ಕೂ ಬಲಕ್ಕೂ ನೋಡಿದಳು. ಒಂದು ಕಡೆ ರಟ್ಟಿನ ಪೆಟ್ಟಿಗೆಗಳು, ಇನ್ನೊಂದು ಕಡೆ ನೀರು ಕಾಯಿಸುವ ಹಂಡೆ. ಅವಳ ಪಕ್ಕದಲ್ಲಿ ಹಸುವಿಗೆಂದು ತೆಗೆದಿಟ್ಟ ಬಾಳೆಹಣ್ಣಿನ ಗೊನೆಯಿತ್ತು.

ಅನುಭವಸ್ಥ ಹಸು ಯಾರ ಅಪ್ಪಣೆಗೂ ಕಾಯಲಿಲ್ಲ. ಹಗ್ಗ ಹಿಡಿದ ಯಜಮಾನನನ್ನೂ ಎಳೆದುಕೊಂಡು ಗರಾಜಿನೊಳಗೆ ನಡೆಯಿತು. ನೇರ ಹೋಗಿ ಅಮ್ಮನ ಎದುರು ನಿಂತು ಹಣ್ಣಿಗೆ ಬಾಯಿ ಹಾಕಿತು.

ಎಲ್ಲರೂ ಪುರೋಹಿತರನ್ನು ನೋಡಿದರು. ಪುರೋಹಿತರು ವಾಚು ನೋಡಿದರು. "ಗೋವು ಎಲ್ಲಿ ಹೋಯ್ತೋ ಅದೇ ದ್ವಾರ," ಎಂದು ಹೇಳಿ ಪಂಚೆ ಎತ್ತಿಕೊಂಡು ಹೊರಟರು. ಗರಾಜಿನಿಂದ ಅಡುಗೆಮನೆಗೆ ಒಂದು ಒಳಬಾಗಿಲಿದೆ. ಅಮ್ಮ ಅದರ ಪಕ್ಕದಲ್ಲಿ, ಹಸು ಬಿಟ್ಟಷ್ಟು ಜಾಗದಲ್ಲಿ ನಿಂತಿದ್ದಳು. ಅವಳನ್ನು ದಾಟದೆ ಯಾರೂ ಒಳಗೆ ಹೋಗುವಂತಿರಲಿಲ್ಲ. ಅವಳ ಕಣ್ಣು ತುಂಬಿತ್ತು. ಓಡಿಹೋಗಲು ದಾರಿಯಿಲ್ಲದ್ದರಿಂದ, ಮನೆಗೆ ಬಂದವರಿಗೆ ಏನು ಹೇಳಬೇಕೋ ಅದನ್ನು ಹೇಳಿದಳು.

"ಬನ್ನಿ, ಬನ್ನಿ. ಬಲಗಾಲಿಟ್ಟು ಬನ್ನಿ."

ಅತ್ತೆ ಒಂದು ಕ್ಷಣ ನಿಂತರು. ಆಮೇಲೆ ಬಲಗಾಲಿಟ್ಟರು.